ಬಿಸಿಲೂರಿನಲ್ಲಿ ಬಿಲ್ಲಿನ ಹೆದೆ: ಮೇಣ ಎಷ್ಟು, ಎಲ್ಲಿ, ಯಾವಾಗ?

ಬಿಲ್ಲಿನ ಹೆದೆಗೆ ಮೇಣ ಹಚ್ಚುವ ಕುರಿತು ಸಿಗುವ ಸೂಚನೆಗಳಲ್ಲಿ ಹೆಚ್ಚಿನವು ಮಳೆ, ಮಂಜು, ಹಸಿ ಹುಲ್ಲಿನ ನಾಡುಗಳಲ್ಲಿ ಕೂತು ಬರೆದವು. ಅಲ್ಲಿ ಹೆದೆಗೆ ಶತ್ರು ನೀರು. ಹಾಗಾಗಿ ಮೇಣವನ್ನು ಧಾರಾಳವಾಗಿ ಹಚ್ಚಿ, ಪದೇ ಪದೇ ಹಚ್ಚಿ ಎಂಬುದು ಅಲ್ಲಿಯ ಪಾಠ. ಅದನ್ನೇ ಕಲಬುರಗಿಯ ಏಪ್ರಿಲ್ ತಿಂಗಳಿಗೆ ತಂದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ಇರುವುದೆಲ್ಲ ಧೂಳು. ಬಿಸಿಲಿಗೆ ಮೆತ್ತಗಾದ ಮೇಣಕ್ಕೆ ಆ ಧೂಳು ಅಂಟಿ, ಎಳೆಗಳ ನಡುವೆ ಸೇರಿ, ಪ್ರತಿ ಬಾಣಕ್ಕೂ ಹೆದೆಯನ್ನು ಒಳಗಿನಿಂದಲೇ ಪಾಲಿಶ್ ಕಾಗದದ ಹಾಗೆ ತಿಕ್ಕುತ್ತದೆ. ಹೆದೆ ಉಳಿಯಲೆಂದು ಹಚ್ಚಿದ್ದೇ ಅದನ್ನು ತಿನ್ನುತ್ತದೆ.

ಆದ್ದರಿಂದ ನಮ್ಮ ಕಡೆಗೆ ಒಂದು ತಿದ್ದುಪಡಿ ಬೇಕು. ಮೊದಲು ಒರೆಸಬೇಕು, ಆಮೇಲೆ ತೆಳ್ಳಗೆ ಹಚ್ಚಬೇಕು, ಹಚ್ಚಿದ್ದರಲ್ಲಿ ಹೆಚ್ಚಾದದ್ದನ್ನು ತೆಗೆಯಬೇಕು. ಈ ಮೂರರಲ್ಲಿ ಮೂರನೆಯದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕಲಬುರಗಿ ನಗರದಲ್ಲಿ ಅಭ್ಯಾಸ ಮಾಡುವವರಿಗೂ, ಕಮಲಾಪುರದ ಕಡೆಯ ಹೊಲದ ಬದುವಿನಲ್ಲಿ ಹುಲ್ಲಿನ ಗುರಿ ನಿಲ್ಲಿಸಿಕೊಂಡು ಎಸೆಯುವವರಿಗೂ, ಮಗನಿಗೋ ಮಗಳಿಗೋ ಹೊಸದಾಗಿ ಬಿಲ್ಲು ಕೊಡಿಸಿ ಅದರ ಆರೈಕೆ ಹೇಗೆಂದು ತಲೆ ಕೆರೆದುಕೊಳ್ಳುವ ತಂದೆ ತಾಯಿಗೂ ಇದು ಒಂದೇ.

ನಾರಿನಿಂದ ನೂಲಿಗೆ

ಹೆದೆಗೆ ಏನು ಹಚ್ಚಬೇಕೆಂದು ಕೇಳುವ ಮುಂಚೆ ಹೆದೆ ಯಾವುದರಿಂದ ಆಗಿದೆ ಎಂದು ಕೇಳಿಕೊಳ್ಳಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನಿಗೆ ಮೀಸಲಾದ ಅಧ್ಯಾಯ ಹೆದೆಗೆ ಒದಗುವ ವಸ್ತುಗಳನ್ನು ಹೆಸರಿಸುತ್ತದೆ. ಮೂರ್ವಾ ಎಂಬ ನಾರಿನ ಗಿಡ, ಎಕ್ಕ, ಸಣಬು, ಬಿದಿರು, ಪ್ರಾಣಿಯ ಸ್ನಾಯು ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಎಕ್ಕವನ್ನು ನೋಡಲು ಕಲಬುರಗಿಯವರು ಎಲ್ಲಿಗೂ ಹೋಗಬೇಕಾಗಿಲ್ಲ, ಹುಮನಾಬಾದ್ ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದೆ. ಸಣಬನ್ನು ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುತ್ತಾರೆ. ಒಂದು ಕಾಲದ ಸೈನ್ಯಕ್ಕೆ ಬೇಕಾದ ಹೆದೆಯ ಸಾಮಗ್ರಿ ಇಲ್ಲಿಯ ಬೇಲಿಯಲ್ಲೂ ಹೊಲದಲ್ಲೂ ಬೆಳೆದು ನಿಂತಿತ್ತು ಎನ್ನಬೇಕು. ಕಮಲಾಪುರ ದಾಟಿ ಹುಮನಾಬಾದ್ ಮುಟ್ಟಿ ಹಾಗೇ ಮುಂದೆ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದಕ್ಕೆಂದೇ ಒಂದು ಭಾಗವಿದೆ.

ನಾರು, ಸ್ನಾಯು, ರೇಷ್ಮೆ ಇವಕ್ಕೆಲ್ಲ ನೀರೆಂದರೆ ಆಗದು. ಒದ್ದೆಯಾದರೆ ಭಾರವಾಗುತ್ತವೆ, ಸ್ನಾಯುವಿನ ಹೆದೆಯಂತೂ ಸಡಿಲವೇ ಆಗಿಬಿಡುತ್ತದೆ. 1346ರಲ್ಲಿ ಫ್ರಾನ್ಸಿನ ಕ್ರೇಸಿ ಬಳಿ ನಡೆದ ಕಾಳಗದಲ್ಲಿ ಮಳೆ ಸುರಿದು ಜಿನೋವಾದ ಕೂಲಿ ಸೈನಿಕರ ಅಡ್ಡಬಿಲ್ಲುಗಳ ಹೆದೆ ತೋಯ್ದು ಕೆಟ್ಟಿತು, ಇಂಗ್ಲಿಷ್ ಬಿಲ್ಲಾಳುಗಳು ತಮ್ಮ ಹೆದೆ ಬಿಚ್ಚಿ ತಲೆಯ ಮೇಲಿನ ಕವಚದೊಳಗೆ ತೋಯದಂತೆ ಇಟ್ಟುಕೊಂಡಿದ್ದರು ಎಂದು ಆ ಕಾಲದ ಚರಿತ್ರೆಕಾರರೊಬ್ಬರು ಬರೆದಿದ್ದಾರೆ. ಅದರ ಮರುವರ್ಷ, 1347ರಲ್ಲಿ, ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಆ ಕಾಲದ ಕುದುರೆ ಸವಾರರ ಬಿಲ್ಲು ಕೊಂಬು, ಮರ, ಸ್ನಾಯುಗಳನ್ನು ಅಂಟಿನಿಂದ ಬೆಸೆದದ್ದು. ಅದರ ಅಂಟೂ ಮಳೆಗಾಲದ ಥಂಡಿಗೆ ಬಿಡುವಂಥದ್ದೇ. ಮೇಣ, ರಾಳ ಬೆರೆಸಿ ಹೆದೆಗೆ ತಿಕ್ಕುವ ಪದ್ಧತಿ ಹುಟ್ಟಿದ್ದು ಇಂಥ ಭಯದಿಂದ.

ಇವತ್ತಿನ ಹೆದೆಯ ಕತೆ ಬೇರೆ. ಶಾಲಾ ಮಕ್ಕಳು ಕಲಿಯುವ, ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂದು ಕರೆಯುವ ವಿಭಾಗದ ಬಿದಿರು ಬಿಲ್ಲಿಗೆ ಸಾಮಾನ್ಯವಾಗಿ ಡಕ್ರಾನ್ ಹೆದೆ ಇರುತ್ತದೆ. ಡಕ್ರಾನ್ ಎಂದರೆ ಪಾಲಿಯೆಸ್ಟರ್, ಸ್ವಲ್ಪ ಹಿಗ್ಗುವ ಗುಣದ್ದು. ಆ ಹಿಗ್ಗುವಿಕೆಯೇ ಮರದ ಬಿಲ್ಲಿನ ತುದಿಗಳನ್ನು ಕಾಪಾಡುತ್ತದೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಎಸೆಯುವ ರಿಕರ್ವ್ ಬಿಲ್ಲಿಗೆ ಡೈನೀಮಾ, ಸ್ಪೆಕ್ಟ್ರಾ ಜಾತಿಯ ನೂಲು. ಇದು ಹಿಗ್ಗುವುದು ತೀರ ಕಡಿಮೆ, ನೀರಿಗಿಂತ ಹಗುರ, ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಪಟ್ಟು ಬಲ. ಬಿ.ಸಿ.ವೈ. ಕಂಪನಿಯ 8125 ಎಂಬ ನೂಲಿನ ಹೆಸರು ರಿಕರ್ವ್ ಬಳಸುವವರ ಬಾಯಲ್ಲಿ ಸದಾ ಇರುತ್ತದೆ. 50 ಮೀಟರಿಗೆ ಎಸೆಯುವ ಕಾಂಪೌಂಡ್ ಬಿಲ್ಲಿಗೆ ಡೈನೀಮಾದ ಜೊತೆ ವೆಕ್ಟ್ರಾನ್ ಬೆರೆತ 452ಎಕ್ಸ್‌ನಂಥ ನೂಲು. ಈ ಕಾಂಪೌಂಡ್‌ನ ಮಿಶ್ರ ತಂಡದ ಸ್ಪರ್ಧೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಕೊಂಡಿದೆ. ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದದ್ದೂ ಇದೇ ಬಗೆಯ ಬಿಲ್ಲಿನಲ್ಲಿ. ಮನೆಯಲ್ಲಿ ಮಕ್ಕಳು ‘ನನಗೂ ಕಾಂಪೌಂಡೇ ಬೇಕು’ ಎಂದು ಹಠ ಹಿಡಿಯುತ್ತಿದ್ದರೆ ಕಾರಣ ಹುಡುಕಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಬಿದಿರಿನ ಬಿಲ್ಲಿಗೆ, ಹಳೆಯ ಮರದ ಬಿಲ್ಲಿಗೆ ಡೈನೀಮಾ ಜಾತಿಯ ಹೆದೆ ಹಾಕಬೇಡಿ. ಅದು ಹಿಗ್ಗದೆ ಇರುವುದರಿಂದ ಪೆಟ್ಟೆಲ್ಲ ಬಿಲ್ಲಿನ ತುದಿಗೆ ಹೋಗಿ ತುದಿ ಸೀಳುತ್ತದೆ. ತಯಾರಕರು ಆಗುತ್ತದೆಂದು ಬರೆದುಕೊಟ್ಟಿದ್ದರೆ ಮಾತ್ರ ಹಾಕಬಹುದು.

ಈಗಿನ ನೂಲುಗಳು ಕೊಳೆಯುವುದಿಲ್ಲ, ನಾರಿನ ಹಾಗೆ ನೀರು ಕುಡಿಯುವುದೂ ಇಲ್ಲ. ಹಾಗಾದರೆ ಮೇಣ ಯಾಕೆ? ಒಂದು ಹೆದೆಯಲ್ಲಿ ಹಲವು ಎಳೆಗಳಿರುತ್ತವೆ. ಡಕ್ರಾನ್ ಆದರೆ 10ರಿಂದ 14, 8125 ಜಾತಿಯದಾದರೆ 16ರಿಂದ 20 ಸಾಮಾನ್ಯ. ಬಾಣ ಬಿಟ್ಟ ಕ್ಷಣ ಈ ಎಳೆಗಳು ಒಂದರ ಮೇಲೊಂದು ಉಜ್ಜುತ್ತವೆ. ಮೇಣ ಅವನ್ನು ಒಟ್ಟಾಗಿ ಹಿಡಿದಿಟ್ಟು ಆ ಉಜ್ಜಾಟವನ್ನು ಕಡಿಮೆ ಮಾಡುತ್ತದೆ. ಎಳೆಗಳ ಸಂದಿಯಲ್ಲಿ ಮಳೆಹನಿ ನಿಲ್ಲದಂತೆ ತಡೆಯುತ್ತದೆ. ಸಂದಿಯಲ್ಲಿ ನೀರು ನಿಂತರೆ ಹೆದೆಯ ತೂಕ ಹೆಚ್ಚಿ ಬಾಣ ನಿಧಾನವಾಗುತ್ತದೆ, ಗುರಿಯಲ್ಲಿ ಕೆಳಗೆ ಬೀಳುತ್ತದೆ. ಮೇಣದ ಕೆಲಸ ಇಷ್ಟೇ. ಅದು ನೂಲಿಗೆ ಹೊಸ ಬಲ ಕೊಡುವುದಿಲ್ಲ, ಸವೆದದ್ದನ್ನು ಸರಿ ಮಾಡುವುದೂ ಇಲ್ಲ.

ಯಾವ ಮೇಣ

ಬಿಲ್ಲಿನ ಸಾಮಾನು ಮಾರುವವರ ಬಳಿ ಹೆದೆಯ ಮೇಣವೆಂದೇ ಸಣ್ಣ ಕೊಳವೆಯಲ್ಲಿ ಸಿಗುತ್ತದೆ. ತಿರುಗಿಸಿದರೆ ತುಟಿರಂಗಿನ ಕಡ್ಡಿಯಂತೆ ಮೇಲೆ ಬರುತ್ತದೆ. ಡೈನೀಮಾ ಜಾತಿಯ ನೂಲಿಗೆ ಇದೇ ಒಳ್ಳೆಯದು. ಒಂದು ಕಡ್ಡಿ ಒಬ್ಬರಿಗೆ ಬಹಳ ಕಾಲ ಬಾಳುತ್ತದೆ, ಆದ್ದರಿಂದ ಇದರಲ್ಲಿ ಉಳಿತಾಯ ಮಾಡಲು ಹೋಗುವುದು ಬೇಡ.

ಡಕ್ರಾನ್ ಹೆದೆಗೆ ಶುದ್ಧ ಜೇನುಮೇಣವೂ ನಡೆಯುತ್ತದೆ. ಹಳ್ಳಿಗಳಲ್ಲಿ ಜೇನು ಕೀಳುವವರಿಂದ ಮೇಣ ತರುವುದಾದರೆ ಅದನ್ನು ಹಾಗೇ ಬಳಸಬಾರದು. ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ನೀರಿನ ಮೇಲೆ ಗಟ್ಟಿಯಾಗಿ ನಿಲ್ಲುವ ಬಿಲ್ಲೆಯನ್ನು ತೆಗೆದುಕೊಳ್ಳಬೇಕು. ಜೇನಿನ ಅಂಶ ಉಳಿದರೆ ರಾತ್ರಿ ಬೆಳಗಾಗುವುದರೊಳಗೆ ಬಿಲ್ಲಿನ ಚೀಲಕ್ಕೆ ಇರುವೆ ಸಾಲು ಹಿಡಿದಿರುತ್ತದೆ. ಹಳೆಯ ಪಾಕಗಳಲ್ಲಿ ಜೇನುಮೇಣಕ್ಕೆ ರಾಳ ಬೆರೆಸಲು ಹೇಳುತ್ತಾರೆ. ಚಳಿನಾಡಿಗೆ ಸರಿ, ನಮ್ಮ ಬೇಸಿಗೆಗೆ ಬೇಡ. ರಾಳ ಬಿಸಿಗೆ ಜಿಗುಟಾಗುತ್ತದೆ, ಜಿಗುಟಾದಷ್ಟೂ ಧೂಳು ಹಿಡಿಯುತ್ತದೆ.

ಮೇಣದಬತ್ತಿ ತಿಕ್ಕುವವರನ್ನು ಕಾಣುತ್ತೇವೆ. ಅದು ಪ್ಯಾರಾಫಿನ್, ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ, ಎಳೆಯೊಳಗೆ ಇಳಿಯುವುದಿಲ್ಲ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವುಗಳನ್ನು ಹೆದೆಯ ಹತ್ತಿರವೂ ತರಬೇಡಿ. ಎಣ್ಣೆ ಒಳಗಿನ ಮೇಣವನ್ನು ಕರಗಿಸುತ್ತದೆ, ಸುತ್ತಿದ ದಾರದ ಕೆಳಗೆ ನುಸುಳಿ ಅದನ್ನು ಜಾರಿಸುತ್ತದೆ. ‘ಎಣ್ಣೆ ಹಚ್ಚಿದರೆ ಎಲ್ಲವೂ ಸುಲಲಿತ’ ಎಂಬ ನಮ್ಮ ಹಿರಿಯರ ನಂಬಿಕೆ ಬಾಗಿಲ ತಿರುಗಣಿಗೆ ಇರಲಿ.

ಹಚ್ಚುವ ಬಗೆ

ಹೆದೆಯಲ್ಲಿ ಬರಿಯ ಎಳೆ ಕಾಣುವ ಭಾಗ ಬೇರೆ, ದಾರ ಬಿಗಿಯಾಗಿ ಸುತ್ತಿದ ಭಾಗ ಬೇರೆ. ಸುತ್ತಿದ ಭಾಗಕ್ಕೆ ಸರ್ವಿಂಗ್ ಎನ್ನುತ್ತಾರೆ. ಎರಡು ತುದಿಯ ಕುಣಿಕೆಗಳಲ್ಲಿ ಮತ್ತು ನಡುವೆ, ಬೆರಳೂ ಬಾಣದ ಹಿಂಬದಿಯ ಸೀಳೂ ಕೂರುವ ಜಾಗದಲ್ಲಿ ಅದು ಇರುತ್ತದೆ. ಮೇಣ ಬೇಕಾದದ್ದು ಬರಿಯ ಎಳೆಗೆ. ನಡುವಿನ ಸರ್ವಿಂಗ್‌ಗೆ ಹಚ್ಚಬೇಡಿ. ಅಲ್ಲಿ ಮೇಣ ಕೂತರೆ ಬಾಣ ಕಚ್ಚಿಕೊಳ್ಳುವ ಬಿಗಿ ಬದಲಾಗುತ್ತದೆ, ಬೆರಳಿಗೆ ಹಾಕುವ ಚರ್ಮದ ಟ್ಯಾಬ್ ಅಂಟಂಟಾಗುತ್ತದೆ, ಬಿಡುವ ಕ್ಷಣ ನಯವಾಗಿರುವುದಿಲ್ಲ. ಕಾಂಪೌಂಡ್‌ನಲ್ಲಿ ಹೆದೆ ತುದಿಯ ಕ್ಯಾಮ್ ಎಂಬ ಗಾಲಿಯ ತೋಡಿನಲ್ಲಿ ಓಡುವ ಜಾಗಕ್ಕೂ, ಬಾಣ ಕೂರುವಲ್ಲಿ ಕಟ್ಟಿದ ಡಿ-ಲೂಪ್ ಎಂಬ ಪುಟ್ಟ ಕುಣಿಕೆಗೂ ಮೇಣ ಬೇಡ.

ಬಿಲ್ಲಿಗೆ ಹೆದೆ ಏರಿಸಿಕೊಂಡೇ ಈ ಕೆಲಸ ಮಾಡಿ. ಬಿಗಿಯಾಗಿದ್ದರೆ ಎಲ್ಲ ಎಳೆಗಳೂ ಕೈಗೆ ಸಮನಾಗಿ ಸಿಗುತ್ತವೆ. ಮೊದಲು ಒಣಗಿದ ಹಳೆಯ ಹತ್ತಿ ಬಟ್ಟೆಯಿಂದ, ಮಾಸಿದ ಪಂಚೆಯ ತುಂಡಾದರೂ ಸರಿ, ಮೇಲಿನಿಂದ ಕೆಳಕ್ಕೆ ಒರೆಸಿ. ಬಟ್ಟೆಗೆ ಕಪ್ಪು ಹತ್ತುತ್ತದೆ, ಅದು ಹಳೆಯ ಮೇಣದಲ್ಲಿ ಕೂತಿದ್ದ ಎರೆ ಮಣ್ಣು. ಕಪ್ಪು ಹೆಚ್ಚಿದ್ದರೆ ಒರೆಸುವುದು ಸಾಲದು. ಒಂದು ಗೇಣು ಗಟ್ಟಿ ದಾರ ಅಥವಾ ಹಲ್ಲಿನ ಸಂದಿ ಶುಚಿಮಾಡುವ ನೂಲು ತೆಗೆದುಕೊಂಡು ಹೆದೆಗೆ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು ಮೆಲ್ಲಗೆ ಬಿಗಿಹಿಡಿದು ಕೆಳಕ್ಕೆ ಎಳೆಯಿರಿ. ಸುತ್ತು ಮುಂದೆ ಜಾರುತ್ತ ಹೋದಂತೆ ಒಳಗಿನ ಕೊಳೆ ಸಮೇತ ಹಳೆಯ ಮೇಣ ಹೊರಗೆ ಬರುತ್ತದೆ. ಸರ್ವಿಂಗ್ ಶುರುವಾಗುವ ಒಂದು ಬೆರಳಿನ ಮುಂಚೆಯೇ ನಿಲ್ಲಿಸಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬಳಸಿ ತೊಳೆಯುವ ಸಾಹಸ ಬೇಡ.

ಈಗ ಮೇಣದ ಕಡ್ಡಿಯನ್ನು ಎಳೆಗಳ ಉದ್ದಕ್ಕೆ ಹಗುರವಾಗಿ ಒಂದೆರಡು ಸಲ ಓಡಿಸಿ. ಹೆದೆ ಬಿಳಿಬಿಳಿ ಕಾಣುವಷ್ಟು ಹಚ್ಚಿದರೆ ಹೆಚ್ಚಾಯಿತು ಎಂದೇ ಲೆಕ್ಕ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೆದೆಯನ್ನು ಹಿಡಿದು ಚುರುಕಾಗಿ ಮೇಲೆ ಕೆಳಗೆ ಉಜ್ಜಬೇಕು. ಮೆತ್ತನೆಯ ಚರ್ಮದ ತುಂಡು ಇದ್ದರೆ ಇನ್ನೂ ಒಳ್ಳೆಯದು. ಉಜ್ಜಿದ ಬಿಸಿಗೆ ಮೇಣ ಕರಗಿ ಎಳೆಗಳ ಒಳಗೆ ಇಳಿಯುತ್ತದೆ. ಬೆರಳಿಗೆ ಬಿಸಿ ತಾಗಿದರೆ ಸಾಕು. ಈ ಬಿಸಿ ಬೇರೆ ಎಲ್ಲಿಂದಲೂ ಬರಕೂಡದು. ಕೂದಲು ಒಣಗಿಸುವ ಯಂತ್ರ ಹಿಡಿಯುವವರಿದ್ದಾರೆ. ಎಳೆಯಿಂದ ಎದ್ದ ನಾರನ್ನು ಲೈಟರ್‌ನಿಂದ ಸುಡುವವರೂ ಇದ್ದಾರೆ. ಡೈನೀಮಾ ಜಾತಿಯ ನೂಲು ಕರಗುವುದು ಸುಮಾರು 150 ಡಿಗ್ರಿಗೆ, ಬಲ ಕಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಮುಂಚೆ. ಲೈಟರ್ ತೋರಿಸಿದ ಹೆದೆಯನ್ನು ಮತ್ತೆ ನಂಬಬಾರದು.

ಇನ್ನು ಬಿಟ್ಟುಹೋಗುವ ಮೂರನೆಯ ಹಂತ. ಮತ್ತೊಂದು ಹೊಸ ದಾರದ ತುಂಡನ್ನು ಹೆದೆಗೆ ಸುತ್ತಿ ಮೊದಲಿನಂತೆಯೇ ಎಳೆಯಿರಿ. ಒಳಗೆ ಇಳಿಯದೆ ಮೇಲೆ ಉಳಿದ ಮೇಣ ದಾರಕ್ಕೆ ಬರುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿ. ಮುಗಿದ ಮೇಲೆ ಹೆದೆ ಮುಟ್ಟಿದರೆ ನಯವಾಗಿರಬೇಕು, ಬೆರಳಿಗೆ ಅಂಟಬಾರದು. ಅಂಟುತ್ತಿದ್ದರೆ ಮರುದಿನದ ಗಾಳಿ ತನ್ನ ಕೆಲಸ ಮಾಡಿಯೇ ತೀರುತ್ತದೆ. ಇಷ್ಟು ಮಾಡುವಾಗ ಬಾಣವಿಲ್ಲದೆ ಹೆದೆ ಎಳೆದು ಬಿಟ್ಟು ನೋಡುವ ಆಸೆ ಮಕ್ಕಳಿಗೆ ಬರುತ್ತದೆ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಬಡಿಯುವುದರಿಂದ ಬಿಲ್ಲು ಒಡೆಯುತ್ತದೆ, ಹೆದೆ ಹರಿಯುತ್ತದೆ. ಕಾಂಪೌಂಡ್ ಆದರಂತೂ ಕೈ ಮುಖಕ್ಕೂ ಅಪಾಯ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಪಂಚಾಂಗದ ಉತ್ತರ ಕೊಡಲಾಗದು. ದಿನಾ ಎಸೆಯುವವರು ವಾರಕ್ಕೊಮ್ಮೆ ನೋಡಬೇಕು, ನೋಡಿದಾಗಲೆಲ್ಲ ಹಚ್ಚಬೇಕೆಂದಿಲ್ಲ. ಎಳೆಗಳ ಬಣ್ಣ ಪೇಲವವಾಗಿ, ಮೇಲೆ ನಾರುನಾರಾಗಿ ಎದ್ದು, ಮುಟ್ಟಿದರೆ ಒಣಗಿದಂತೆ ಅನ್ನಿಸಿದರೆ ಹಚ್ಚಿ. ನಯವಾಗಿದ್ದರೆ ಒರೆಸಿ ಬಿಡಿ. ನನ್ನ ಮಟ್ಟಿಗೆ ಬೇಸಿಗೆಯಲ್ಲಿ ಒರೆಸುವುದು ಹೆಚ್ಚಬೇಕು, ಹಚ್ಚುವುದು ಕಡಿಮೆಯಾಗಬೇಕು. ಜೂನ್ ಹತ್ತಿರವಾದಾಗ ಒಮ್ಮೆ ಪೂರ್ತಿ ಶುಚಿ ಮಾಡಿ ಚೆನ್ನಾಗಿ ಮೇಣ ಕೊಟ್ಟರೆ ಮಳೆಗಾಲಕ್ಕೆ ಹೆದೆ ತಯಾರು. ಮಳೆಯಲ್ಲಿ ತೋಯ್ದರೆ ಗಾಬರಿ ಬೇಡ. ಬಟ್ಟೆಯಲ್ಲಿ ಹಿಂಡಿದಂತೆ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ಮೇಣ ಹಚ್ಚಿ. ಒದ್ದೆಯ ಮೇಲೆಯೇ ಹಚ್ಚಿದರೆ ನೀರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ.

ತೊಗರಿ ರಾಶಿಯ ದಿನಗಳನ್ನು, ಅಂದರೆ ಡಿಸೆಂಬರ್ ಜನವರಿಯನ್ನು, ಪ್ರತ್ಯೇಕ ನೆನಪಿಡಬೇಕು. ಊರ ಹೊರಗಿನ ಗಾಳಿಯಲ್ಲಿ ಹೊಟ್ಟು ತೇಲುತ್ತಿರುತ್ತದೆ, ಹೊಲದ ಪಕ್ಕ ಅಭ್ಯಾಸ ಮಾಡುವವರ ಹೆದೆಗೆ ದಿನವೂ ಬಟ್ಟೆ ಬೇಕು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೆ ಹೆಸರು ದೂರ ಹೋಗಿದೆ. ಆ ತೋಟಗಳಲ್ಲಿ ಕೆಲಸ ಮಾಡಿ ನೇರ ಬಿಲ್ಲು ಹಿಡಿಯುವವರಿಗೆ ಒಂದು ಮಾತು: ಬಾಳೆಯ ಸೊನೆ ಕೈಯಿಂದ ಹೆದೆಗೆ ದಾಟಿದರೆ ಕಪ್ಪಾಗಿ ಅಂಟಿಕೊಳ್ಳುತ್ತದೆ, ಬಟ್ಟೆಗೆ ಹತ್ತಿದ ಕಲೆಯಂತೆ ಹೋಗುವುದೇ ಇಲ್ಲ. ಕೈ ತೊಳೆದು ಬನ್ನಿ. ತಲೆಗೆ ಎಣ್ಣೆ ಹಚ್ಚಿಕೊಂಡು ಅದೇ ಬೆರಳಲ್ಲಿ ಹೆದೆ ಹಿಡಿಯುವ ಮಕ್ಕಳಿಗೂ ಇದೇ ಮಾತು.

ಬಿಸಿಲು ಮತ್ತು ಅಳತೆ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾರ 42-43 ಡಿಗ್ರಿಗೆ ಏರುವುದು ಹೊಸ ಸುದ್ದಿಯಲ್ಲ. ಈ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿಯಿದೆ. ಬಿಲ್ಲಿನ ಅಭ್ಯಾಸವನ್ನು ಅದಕ್ಕಿಂತಲೂ ಮುಂಚೆ ಮುಗಿಸುವುದು ಮನುಷ್ಯರಿಗೂ ಹೆದೆಗೂ ಕ್ಷೇಮ.

ಜೇನುಮೇಣ ಕರಗುವುದು 62-65 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕಿಂತ ಬಹಳ ಮುಂಚೆ. ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಮುಟ್ಟುವುದು ಕಷ್ಟವಲ್ಲ. ಮೇಣದ ಕಡ್ಡಿ ಅಲ್ಲಿ ಕರಗಿ ಚೀಲಕ್ಕೆಲ್ಲ ಹರಡಿದರೆ ಬಟ್ಟೆ ಒಗೆಯುವವರಿಗೆ ಬೇಸರ, ಅಷ್ಟೇ. ಆದರೆ ಹೆದೆ ಏರಿಸಿದ ಬಿಲ್ಲನ್ನೇ ಅಲ್ಲಿ ಬಿಟ್ಟರೆ ಹಾನಿ ದೊಡ್ಡದು. ಡೈನೀಮಾ ಜಾತಿಯ ನೂಲಿಗೆ ಎಳೆತದಲ್ಲಿ ಇಟ್ಟಷ್ಟೂ ಮೆಲ್ಲಮೆಲ್ಲಗೆ ಶಾಶ್ವತವಾಗಿ ಉದ್ದವಾಗುವ ಗುಣವಿದೆ. ಬಿಸಿ ಹೆಚ್ಚಿದಷ್ಟೂ ಈ ಹಿಗ್ಗುವಿಕೆ ಚುರುಕಾಗುತ್ತದೆ. ವೆಕ್ಟ್ರಾನ್‌ಗೆ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ. ಕಾಂಪೌಂಡ್‌ನ ನೂಲಿಗೆ ಅದನ್ನು ಬೆರೆಸುವುದು ಇದಕ್ಕಾಗಿಯೇ. ತಗಡಿನ ಮಾಡಿನ ಕೋಣೆ, ಬೈಕಿನ ಮುಂದಿನ ಚೀಲ, ಬಸ್ಸಿನ ಮೇಲಿನ ಕ್ಯಾರಿಯರ್ ಇವೆಲ್ಲ ಕಾರಿಗಿಂತ ಮೇಲೇನಲ್ಲ. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವವರು ಬಿಲ್ಲಿನ ಚೀಲವನ್ನು ಬಿಸಿಲು ಬೀಳದ ಬದಿಯಲ್ಲಿ, ತಮ್ಮ ಕಾಲ ಬಳಿಯೇ ಇಟ್ಟುಕೊಳ್ಳಬೇಕು. ಮನೆಯಲ್ಲಿ ನೀರಿನ ಮಡಕೆ ಇಡುವ ಮೂಲೆಯ ಹತ್ತಿರ, ಮುಚ್ಚಳದ ಡಬ್ಬಿಯಲ್ಲಿ, ಮೇಣದ ಕಡ್ಡಿ ಸುಖವಾಗಿರುತ್ತದೆ.

ಹೆದೆ ಉದ್ದವಾಯಿತೇ ಎಂದು ತಿಳಿಯುವುದು ಬ್ರೇಸ್ ಹೈಟ್ ಅಳತೆಯಿಂದ. ಅಂದರೆ ಹೆದೆ ಏರಿಸಿದಾಗ ಹಿಡಿಯ ಒಳಭಾಗದಿಂದ ಹೆದೆಗೆ ಇರುವ ದೂರ. ಇದನ್ನು ಅಳೆಯಲು ಇಂಗ್ಲಿಷ್ ಟಿ ಅಕ್ಷರದ ಆಕಾರದ ಅಳತೆಪಟ್ಟಿ ಸಿಗುತ್ತದೆ. 68 ಇಂಚಿನ ರಿಕರ್ವ್‌ಗೆ ಇದು ಸಾಮಾನ್ಯವಾಗಿ 21.5ರಿಂದ 23.5 ಸೆಂ.ಮೀ. ನಡುವೆ ಇರುತ್ತದೆ. ನಿಮ್ಮ ಬಿಲ್ಲಿನ ಸರಿಯಾದ ಅಂಕಿ ತಯಾರಕರ ಹಾಳೆಯಲ್ಲಿರುತ್ತದೆ. ಒಮ್ಮೆ ಹೊಂದಿಸಿದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅಭ್ಯಾಸದ ಶುರುವಿಗೂ ನಡುವಿಗೂ ಅಳೆದು ನೋಡಿ. ಕಡಿಮೆಯಾಗಿದ್ದರೆ ಹೆದೆ ಬಿಚ್ಚಿ ಕೆಲವು ತಿರುವು ಹೆಚ್ಚಿಸಿ. ಹುರಿ ಹೆಚ್ಚಿದರೆ ಹೆದೆ ಗಿಡ್ಡವಾಗಿ ಅಂತರ ಮತ್ತೆ ಏರುತ್ತದೆ. ತಿರುವುವ ದಿಕ್ಕು ಸರ್ವಿಂಗ್ ದಾರವನ್ನು ಬಿಗಿ ಮಾಡುವ ದಿಕ್ಕೇ ಆಗಿರಬೇಕು, ತಿರುಗುಮುರುಗಾದರೆ ಸುತ್ತು ಸಡಿಲಾಗುತ್ತದೆ. ಬಿಲ್ಲಿನ ಸದ್ದು ಇದ್ದಕ್ಕಿದ್ದಂತೆ ಒರಟಾದರೂ ಅಳತೆಪಟ್ಟಿ ಕೈಗೆತ್ತಿಕೊಳ್ಳಿ. ಎಷ್ಟೋ ಸಲ ಮಕ್ಕಳು ‘ಇವತ್ತು ಕೈ ಸರಿ ಇಲ್ಲ’ ಎಂದು ಬೇಜಾರಾಗುವುದು ಕೈಯಿಂದಲ್ಲ, ಬಿಸಿಲಿಗೆ ಉದ್ದವಾದ ಹೆದೆಯಿಂದ.

ಅಭ್ಯಾಸ ಮುಗಿದ ಮೇಲೆ ರಿಕರ್ವ್ ಮತ್ತು ಬಿದಿರು ಬಿಲ್ಲಿನ ಹೆದೆ ಇಳಿಸಲೇಬೇಕು. ಇಳಿಸುವಾಗ ಮೊಣಕಾಲಿಗೆ ಒತ್ತಿ ಬಗ್ಗಿಸುವುದು ಬೇಡ, ಸ್ಟ್ರಿಂಗರ್ ಎಂಬ ಹಗ್ಗ ಬಳಸಿ. ಇಳಿಸಿದ ಹೆದೆಯ ಹುರಿ ಬಿಚ್ಚಿಹೋಗದಂತೆ ಒಂದು ಕುಣಿಕೆಯನ್ನು ಇನ್ನೊಂದರೊಳಗೆ ತೂರಿಸಿ, ಜಿಪ್ ಇರುವ ಪುಟ್ಟ ಚೀಲದಲ್ಲಿ ಹಾಕಿಡಿ. ಮರದ ಗೂಟಕ್ಕೆ ನೇತುಹಾಕಿದರೆ ಧೂಳು ತಿನ್ನುತ್ತದೆ. ಕಾಂಪೌಂಡ್‌ನ ಹೆದೆ ಮನೆಯಲ್ಲಿ ಇಳಿಸುವಂಥದ್ದಲ್ಲ, ಅದಕ್ಕೆ ಪ್ರೆಸ್ ಎಂಬ ಯಂತ್ರವೇ ಬೇಕು. ಅದಿಲ್ಲದೆ ಕೈ ಹಾಕಿದವರ ಬೆರಳಿಗೆ ಜವಾಬ್ದಾರರು ಯಾರೂ ಇಲ್ಲ. ಅದರಲ್ಲಿ ನೀವು ಮಾಡಬಹುದಾದ ತಪಾಸಣೆ ಎಂದರೆ ಕ್ಯಾಮ್‌ನ ಗುರುತುಗಳು ಮೊದಲಿದ್ದಲ್ಲಿಯೇ ಇವೆಯೇ, ಹೆದೆಯೊಳಗಿನ ಪೀಪ್ ಎಂಬ ಇಣುಕುಗಣ್ಣು ಎಳೆದಾಗ ನೇರ ಕಣ್ಣಿಗೆ ತಿರುಗುತ್ತದೆಯೇ ಎಂದು ನೋಡುವುದು. ಎರಡರಲ್ಲಿ ಒಂದು ತಪ್ಪಿದ್ದರೂ ಹೆದೆಯೋ ಕೇಬಲ್ಲೋ ಹಿಗ್ಗಿದೆ.

ಯಾವಾಗ ಬದಲಿಸುವುದು

ಮೇಣ ಹಚ್ಚುವ ನೆಪದಲ್ಲಿ ಹೆದೆಯನ್ನು ಇಡಿಯಾಗಿ ಕಣ್ಣು ಹಾಯಿಸಿ ನೋಡುವುದಾಗುತ್ತದೆ. ನನಗೆ ಮೇಣಕ್ಕಿಂತ ಈ ನೋಟವೇ ಹೆಚ್ಚು ಬೆಲೆಯದು. ಒಂದೇ ಒಂದು ಎಳೆ ತುಂಡಾಗಿದ್ದರೂ ಆ ಹೆದೆಯ ಆಯಸ್ಸು ಮುಗಿಯಿತು. ಉಳಿದ ಹದಿನೇಳು ಇವೆಯಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಳೆತ ಹಂಚಿಹೋಗುವುದು ತಪ್ಪಿರುತ್ತದೆ. ಕುಣಿಕೆಗಳ ಒಳಮೈ ನೋಡಿ, ಬಿಲ್ಲಿನ ತುದಿಯ ತೋಡಿಗೆ ಉಜ್ಜಿ ಸವೆಯುವುದು ಅಲ್ಲಿಯೇ ಹೆಚ್ಚು, ಕಣ್ಣಿಗೆ ಬೀಳುವುದು ಕಡಿಮೆ. ಸರ್ವಿಂಗ್ ಕೆಳಗೆ ಉಬ್ಬಿದ್ದರೆ ಒಳಗೆ ಎಳೆ ಹರಿದಿರಬಹುದು. ಸರ್ವಿಂಗ್ ದಾರ ಮಾತ್ರ ಬಿಚ್ಚಿಕೊಂಡಿದ್ದರೆ ಹೆದೆ ಬದಲಿಸಬೇಕಾಗಿಲ್ಲ, ದಾರ ಹೊಸದಾಗಿ ಸುತ್ತಿಸಿಕೊಂಡರೆ ಸಾಕು. ನಾರೆದ್ದದ್ದು ಮೇಣದಿಂದ ಕೂರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಹಚ್ಚಿದ ಮರುದಿನವೇ ಮತ್ತೆ ಎದ್ದರೆ ಅದು ಒಣಗಿದ್ದಲ್ಲ, ಸವೆದದ್ದು. ಏನೂ ದೋಷ ಕಾಣದಿದ್ದರೂ ನಿತ್ಯ ಎಸೆಯುವವರು ವರ್ಷಕ್ಕೊಮ್ಮೆ ಬದಲಿಸುವುದು ಲೇಸು.

ಬಾಣ ಕಚ್ಚುವ ಬಿಗಿಯನ್ನೂ ಇದೇ ಹೊತ್ತಿನಲ್ಲಿ ನೋಡಬಹುದು. ಬಿಲ್ಲನ್ನು ಅಡ್ಡ ಹಿಡಿದು ಬಾಣವನ್ನು ಹೆದೆಗೆ ಸಿಕ್ಕಿಸಿ ತಲೆಕೆಳಗಾಗಿ ತೂಗಾಡಲು ಬಿಡಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ಬೀಳದಿದ್ದರೆ ಸರ್ವಿಂಗ್ ದಪ್ಪವಾಗಿದೆ ಅಥವಾ ಯಾರೋ ಅಲ್ಲಿಗೂ ಮೇಣ ಮೆತ್ತಿದ್ದಾರೆ.

ಸ್ಪರ್ಧೆಗೆ ಹೊರಟವರ ಚೀಲದಲ್ಲಿ ಎರಡನೆಯ ಹೆದೆ ಇರಲೇಬೇಕು. ಅದು ಅಂಗಡಿಯಿಂದ ತಂದ ಹೊದಿಕೆಯಲ್ಲೇ ಇದ್ದರೆ ಪ್ರಯೋಜನವಿಲ್ಲ. ಹೊಸ ಹೆದೆ ಮೊದಲಿನ ನೂರಾರು ಬಾಣಗಳಲ್ಲಿ ಸ್ವಲ್ಪ ಹಿಗ್ಗಿ ಕುಳಿತುಕೊಳ್ಳುತ್ತದೆ, ಅದನ್ನು ಅಭ್ಯಾಸದಲ್ಲಿಯೇ ಮುಗಿಸಿರಬೇಕು. ಎಷ್ಟು ತಿರುವು, ಬಾಣ ಕೂರಿಸುವ ಗುರುತು ಎಲ್ಲಿ, ಬ್ರೇಸ್ ಹೈಟ್ ಎಷ್ಟು ಇವನ್ನು ಒಂದು ಚೀಟಿಯಲ್ಲಿ ಬರೆದು ಹೆದೆಯ ಚೀಲದಲ್ಲೇ ಹಾಕಿಡಿ. ಸರ್ವಿಂಗ್ ಸುತ್ತಿಸುವಾಗ ಒಂದು ನಿಯಮ ನೆನಪಿರಲಿ: ರಿಕರ್ವ್ ಬಿಲ್ಲಿನಲ್ಲಿ ಪೂರ್ತಿ ಎಳೆದಾಗ ಸರ್ವಿಂಗ್‌ನ ಕೊನೆ ಎಸೆಯುವವರ ಕಣ್ಣಿನ ನೋಟದಲ್ಲಿ ಬರಬಾರದು. ಗುರಿ ಹಿಡಿಯಲು ಅದು ನೆರವಾಗುತ್ತದೆಂದು ವಿಶ್ವ ಬಿಲ್ಲುಗಾರಿಕೆಯ ನಿಯಮ ಇದನ್ನು ಒಪ್ಪುವುದಿಲ್ಲ. ಸಾಮಾನು ತಪಾಸಣೆಯ ಮೇಜಿನ ಮುಂದೆ ನಿಂತಾಗ ಇದು ಗೊತ್ತಾಗುವುದಕ್ಕಿಂತ ಮುಂಚೆಯೇ ಗೊತ್ತಿದ್ದರೆ ಚೆಂದ.

ಹೊಸ ಹೆದೆಗೆ ಹೇಳಿ ಕಳಿಸುವಾಗ ‘ಇದೇ ಥರದ್ದು’ ಎಂದರೆ ಸಾಲದು. ಬಿಲ್ಲಿನ ಉದ್ದ, ಎಳೆತದ ಪೌಂಡ್, ನೂಲಿನ ಜಾತಿ, ಎಳೆಗಳ ಸಂಖ್ಯೆ, ಸರ್ವಿಂಗ್ ದಾರದ ದಪ್ಪ ಇಷ್ಟನ್ನೂ ಬರೆದು ಕೊಡಿ. ಸಾಧ್ಯವಿದ್ದರೆ ಹಳೆಯ ಹೆದೆಯನ್ನೇ ಮಾದರಿಗೆ ಕಳಿಸಿ. ಅದು ಮರಳಿ ಮನೆಗೆ ಬಂದಾಗ ಎರಡೂ ಕುಣಿಕೆ ಕತ್ತರಿಸಿ ಹಾಕಿ, ಇಲ್ಲವಾದರೆ ಮಕ್ಕಳಲ್ಲಿ ಯಾರಾದರೂ ಅದನ್ನೇ ಮತ್ತೆ ಬಿಲ್ಲಿಗೆ ಏರಿಸುತ್ತಾರೆ.